ಕಡಿಮೆ ಬಜೆಟ್ಟಿನ ಗೇಮಿಂಗ್ ಕಂಪ್ಯೂಟರ್: ಯಾವ ಭಾಗಕ್ಕೆ ಹಣ ಹಾಕಬೇಕು, ಯಾವುದನ್ನು ಮುಂದೂಡಬಹುದು

ಪ್ರಶ್ನೆ: ಆಟಗಳಿಗೆಂದೇ ಮೊದಲ ಬಾರಿಗೆ ಒಂದು ಕಂಪ್ಯೂಟರ್ ಜೋಡಿಸಲು ಹೊರಟಿದ್ದೇನೆ. ಬಜೆಟ್ ಬಿಗಿಯಾಗಿದೆ. 1080ಪಿ, 75 ಹರ್ಟ್ಸ್‌ನ ಮಾನಿಟರ್ ಈಗಾಗಲೇ ಇದೆ. ರೈಜನ್ 7 5700ಎಕ್ಸ್ ಪ್ರೊಸೆಸರ್, ಬಿ450 ಮದರ್‌ಬೋರ್ಡ್, 4 ಜಿಬಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡ್, 16 ಜಿಬಿಯ ಒಂದೇ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಮತ್ತು 1 ಟಿಬಿ ಹಾರ್ಡ್ ಡಿಸ್ಕ್, ಬಣ್ಣದ ದೀಪಗಳ ಲಿಕ್ವಿಡ್ ಕೂಲರ್, 500 ವ್ಯಾಟ್‌ನ ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ವಿದ್ಯುತ್ ಒದಗಿಸುವ ಘಟಕ) ಸೇರಿಯೇ ಬರುವ ಕ್ಯಾಬಿನೆಟ್: ಇದು ನನ್ನ ಪಟ್ಟಿ. ಸರಿಯಿದೆಯೇ? ಇದಕ್ಕಿಂತ, ಕಚೇರಿಗಳವರು ಮಾರಿಬಿಡುವ ಹಳೆಯ ಕಂಪ್ಯೂಟರ್ ಕೊಂಡು ಅದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿಕೊಳ್ಳುವುದೇ ಲಾಭವೇ?

ಉತ್ತರ: ನಿಮ್ಮ ಪಟ್ಟಿಯ ಭಾಗಗಳಲ್ಲಿ ಹೆಚ್ಚಿನವು ತಮ್ಮಷ್ಟಕ್ಕೆ ಒಳ್ಳೆಯವೇ, ಎಡವಟ್ಟಾಗಿರುವುದು ಹಣದ ಹಂಚಿಕೆಯಲ್ಲಿ. ಎಂಟು ಕೋರ್‌ಗಳ (ಒಳಗಿನ ಲೆಕ್ಕದ ಘಟಕಗಳ) ಪ್ರೊಸೆಸರ್ ಆರಿಸಿದಿರಿ. ಅದರ ಪೆಟ್ಟಿಗೆಯಲ್ಲಿ ಕೂಲರ್ ಬರುವುದಿಲ್ಲವಾದ್ದರಿಂದ ಲಿಕ್ವಿಡ್ ಕೂಲರ್ ಸೇರಿಸಿದಿರಿ. ಇವೆರಡಕ್ಕೆ ಹೋದ ಹಣವನ್ನು ಸರಿದೂಗಿಸಲು ಗ್ರಾಫಿಕ್ಸ್ ಕಾರ್ಡನ್ನೂ ಎಸ್‌ಎಂಪಿಎಸ್ಸನ್ನೂ ಕೆಳಗಿಳಿಸಿದಿರಿ. ಆಟದ ಕಂಪ್ಯೂಟರಿನ ಮಟ್ಟಿಗೆ ಇದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಸಿದಂತೆ. ಹಣ ಕಡಿಮೆ ಇದ್ದಾಗ ಯಾವ ಭಾಗ ಎಲ್ಲಕ್ಕಿಂತ ಉತ್ತಮ ಎಂದು ಹುಡುಕುತ್ತಾ ಹೋದರೆ ಲೆಕ್ಕ ಎಂದೂ ಮುಗಿಯುವುದಿಲ್ಲ. ಯಾವ ಭಾಗವನ್ನು ಮೊದಲ ದಿನವೇ ಸರಿಯಾಗಿ ಕೊಳ್ಳದಿದ್ದರೆ ಮುಂದೆ ಇಡೀ ಯಂತ್ರವನ್ನೇ ಬಿಚ್ಚಬೇಕಾಗುತ್ತದೆ, ಯಾವುದನ್ನು ಆರು ತಿಂಗಳು ಮುಂದೂಡಿದರೂ ನಷ್ಟವಿಲ್ಲ ಎಂದು ವಿಂಗಡಿಸಿಕೊಂಡರೆ ಪಟ್ಟಿ ತಾನಾಗಿಯೇ ಸರಿಹೋಗುತ್ತದೆ. ನಿಮ್ಮ ಪಟ್ಟಿಯನ್ನು ಅದೇ ಕಣ್ಣಿನಿಂದ ನೋಡೋಣ.

ಲೆಕ್ಕ ಶುರುವಾಗಬೇಕಾದದ್ದು ಮಾನಿಟರಿನಿಂದ. 1080ಪಿ ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು ಸುಮಾರು 20.7 ಲಕ್ಷ ಪಿಕ್ಸೆಲ್‌ಗಳು. 1440ಪಿ ಮಾನಿಟರ್‌ನಲ್ಲಿ ಇವು ಸುಮಾರು 36.9 ಲಕ್ಷ. ಅಂದರೆ ಪ್ರತಿ ಚಿತ್ರಕ್ಕೂ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬೀಳುವ ಹೊರೆ ನಿಮ್ಮಲ್ಲಿ ಬಹುಮಟ್ಟಿಗೆ ಹಗುರ. 75 ಹರ್ಟ್ಸ್ ಎಂದರೆ ಸೆಕೆಂಡಿಗೆ 75 ಚಿತ್ರಗಳು, ಒಂದೊಂದಕ್ಕೂ 13.3 ಮಿಲಿಸೆಕೆಂಡ್. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಅಷ್ಟರೊಳಗೆ ತಮ್ಮ ತಮ್ಮ ಕೆಲಸ ಮುಗಿಸಿದರೆ ಸಾಕು. ಸೆಕೆಂಡಿಗೆ 200 ಚಿತ್ರ ಕೊಡುವ ಯಂತ್ರ ಜೋಡಿಸಿದರೂ ಈ ಮಾನಿಟರ್ 75ಕ್ಕಿಂತ ಹೆಚ್ಚು ತೋರಿಸಲಾರದು. ಮಾನಿಟರನ್ನು ಮುಂದೂಡಬಹುದಾದ ಭಾಗಗಳ ಸಾಲಿಗೆ ಸೇರಿಸಿ. ನಿಮ್ಮಲ್ಲಿರುವುದೇ ಸದ್ಯಕ್ಕೆ ಸಾಕು.

ಇನ್ನು ಪ್ರೊಸೆಸರ್. ಆಟದ ನಿಯಮಗಳು, ಪಾತ್ರಗಳ ನಡೆ, ಭೌತಿಕ ಲೆಕ್ಕಾಚಾರ, ಯಾವ ವಸ್ತುವನ್ನು ಎಲ್ಲಿ ಬಿಡಿಸಬೇಕೆಂದು ಕಾರ್ಡಿಗೆ ಅಪ್ಪಣೆ ಕೊಡುವುದು ಇವೆಲ್ಲ ಪ್ರೊಸೆಸರಿನ ಪಾಲು. ಬಿಡಿಸುವ ದುಡಿಮೆಯೆಲ್ಲ ಕಾರ್ಡಿನದು. ಇಂದಿನ ಹೆಚ್ಚಿನ ಆಟಗಳಿಗೆ ಆರು ಕೋರ್, ಹನ್ನೆರಡು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲುಗಳು) ಸಾಕಾಗುತ್ತದೆ. 2022ರ ಏಪ್ರಿಲ್‌ನಲ್ಲಿ ಬಂದ ರೈಜನ್ 5 5600 ಮತ್ತು ನೀವು ಆರಿಸಿದ 5700ಎಕ್ಸ್ ಎರಡರಲ್ಲೂ ಇರುವುದು ಒಂದೇ ಬಗೆಯ ಕೋರ್‌ಗಳು, ಎರಡರಲ್ಲೂ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ). ನಿಮ್ಮ ಬಜೆಟ್ಟಿನ ಗ್ರಾಫಿಕ್ಸ್ ಕಾರ್ಡಿನೊಂದಿಗೆ ಇವೆರಡರ ಅಂತರ ಆಡುವಾಗ ಗೊತ್ತೇ ಆಗುವುದಿಲ್ಲ. ವೀಡಿಯೊ ಎಡಿಟಿಂಗ್, ತ್ರೀಡಿ ರೆಂಡರಿಂಗ್ ಮಾಡುವವರಾದರೆ ಉಳಿದೆರಡು ಕೋರ್‌ಗಳು ಉಪಯೋಗಕ್ಕೆ ಬರುತ್ತವೆ. ನೀವು ಅಂಥದ್ದೇನನ್ನೂ ಹೇಳಿಲ್ಲ. 5600ರ ಪೆಟ್ಟಿಗೆಯಲ್ಲಿ ಒಂದು ಸಣ್ಣ ಕೂಲರ್ ಕೂಡ ಬರುತ್ತದೆ. ಸದ್ದು ಸ್ವಲ್ಪ ಹೆಚ್ಚು, ನೋಡಲು ಚೆಲುವಿಲ್ಲ, ಆದರೆ 65 ವ್ಯಾಟ್ ದರ್ಜೆಯ ಪ್ರೊಸೆಸರಿಗೆ ಅದು ಸಾಕು. ಹೀಗೆ ಒಂದೇ ಬದಲಾವಣೆಯಿಂದ ಎರಡು ಖರ್ಚು ಇಳಿಯುತ್ತವೆ. ಇಂಟೆಲ್ ಕಡೆಯಲ್ಲಿ ಕೋರ್ ಐ5 12400ಎಫ್ ಇದೇ ಸ್ಥಾನದಲ್ಲಿದೆ. ಬಜೆಟ್ ಇನ್ನೂ ಬಿಗಿಯಾದರೆ ನಾಲ್ಕು ಕೋರ್‌ನ ಐ3 12100ಎಫ್ ಕೂಡ ತಕ್ಕ ಮಟ್ಟಿಗೆ ನಡೆಯುತ್ತದೆ. ಹೆಸರಿನ ಕೊನೆಯ ‘ಎಫ್’ ಅಕ್ಷರ ಒಳಗೆ ಗ್ರಾಫಿಕ್ಸ್ ಇಲ್ಲವೆಂಬುದರ ಗುರುತು. ರೈಜನ್ 5600ರಲ್ಲೂ ಇಲ್ಲ. ಇವುಗಳೊಂದಿಗೆ ಗ್ರಾಫಿಕ್ಸ್ ಕಾರ್ಡ್ ಹಾಕದೆ ಕಂಪ್ಯೂಟರ್ ಆನ್ ಮಾಡಿದರೆ ಪರದೆ ಕಪ್ಪಾಗಿಯೇ ಇರುತ್ತದೆ; ಭಾಗ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸಲು ಹೊರಟವರನ್ನು ನಾನು ಕಂಡಿದ್ದೇನೆ.

ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಿಮ್ಮ ಪಟ್ಟಿಯ ನಿಜವಾದ ತೊಡಕು ಅಲ್ಲಿದೆ. ಆರ್‌ಎಕ್ಸ್ 6500 ಎಕ್ಸ್‌ಟಿ 2022ರ ಜನವರಿಯಲ್ಲಿ ಬಂದ ಕಾರ್ಡ್. ಅದರ ಸ್ವಂತ ಮೆಮೊರಿ 4 ಜಿಬಿ, ಅದರ ವೇಗ ಸೆಕೆಂಡಿಗೆ 144 ಜಿಬಿ. ಮದರ್‌ಬೋರ್ಡಿನೊಂದಿಗೆ ಅದು ಮಾತಾಡುವುದು ಪಿಸಿಐಇ ಎಂಬ ಸಂಪರ್ಕದ ನಾಲ್ಕೇ ಲೇನ್‌ಗಳ (ದತ್ತಾಂಶ ಸಾಗುವ ದಾರಿಗಳ) ಮೂಲಕ. ಸ್ಲಾಟ್ ಉದ್ದವಾಗಿ ಹದಿನಾರು ಲೇನ್‌ನದ್ದಾಗಿ ಕಂಡರೂ ಸಂಪರ್ಕ ನಾಲ್ಕಕ್ಕೇ ಸೀಮಿತ. ಪಿಸಿಐಇ 4.0 ಇರುವ ಬೋರ್ಡಿನಲ್ಲಿ ಈ ನಾಲ್ಕು ಲೇನ್‌ಗಳಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಹರಿಯುತ್ತದೆ. ನೀವು ಆರಿಸಿದ ಬಿ450 ಬೋರ್ಡ್ ಕೊಡುವುದು ಪಿಸಿಐಇ 3.0 ಮಾತ್ರ; ಅಲ್ಲಿ ಇದು 4 ಜಿಬಿಗೆ ಇಳಿಯುತ್ತದೆ. ಈಗ ಆಟದ ಟೆಕ್ಸ್‌ಚರ್‌ಗಳು (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳು) 4 ಜಿಬಿ ಮೀರಿದವು ಎಂದುಕೊಳ್ಳಿ. ಇತ್ತೀಚಿನ ದೊಡ್ಡ ಆಟಗಳಲ್ಲಿ ಮಧ್ಯಮ ಸೆಟ್ಟಿಂಗ್‌ನಲ್ಲೇ ಮೀರುತ್ತವೆ. ಹೆಚ್ಚಾದದ್ದು ಕಂಪ್ಯೂಟರಿನ ರ‍್ಯಾಮ್‌ನಲ್ಲಿ ಕೂರುತ್ತದೆ, ಬೇಕಾದಾಗಲೆಲ್ಲ ಆ ಕಿರಿದಾದ ದಾರಿಯಲ್ಲಿ ಓಡಾಡುತ್ತದೆ. ಕಾರ್ಡಿನೊಳಗೆ 144ರ ವೇಗದಲ್ಲಿ ಸಿಗುತ್ತಿದ್ದ ದತ್ತಾಂಶ 4ರ ವೇಗದಲ್ಲಿ ಬಂದರೆ ಆಟದಲ್ಲಿ ಏನಾಗುತ್ತದೆ? ಸರಾಸರಿ ಸಂಖ್ಯೆ ತೀರಾ ಕೆಟ್ಟದಾಗಿ ಕಾಣುವುದಿಲ್ಲ. ಆದರೆ ತಿರುವಿನಲ್ಲಿ ಕ್ಯಾಮೆರಾ ಹೊರಳಿಸಿದಾಗ ಚಿತ್ರ ಅರೆಗಳಿಗೆ ನಿಂತು, ಮತ್ತೆ ಜಿಗಿದು ಮುಂದೆ ಹೋಗುತ್ತದೆ. ಈ ತಡವರಿಕೆ ಸೆಟ್ಟಿಂಗ್ ಇಳಿಸಿದರೂ ಪೂರ್ತಿ ಹೋಗುವುದಿಲ್ಲ. ಮೇಲಾಗಿ ಈ ಕಾರ್ಡಿನಲ್ಲಿ ವೀಡಿಯೊ ಎನ್‌ಕೋಡರ್ ಇಲ್ಲ. ಆಟವನ್ನು ರೆಕಾರ್ಡ್ ಮಾಡಲು ಹೋದರೆ ಆ ಹೊರೆಯೂ ಪ್ರೊಸೆಸರಿನ ತಲೆಗೆ ಬೀಳುತ್ತದೆ.

ಪ್ರೊಸೆಸರ್ ಮತ್ತು ಕೂಲರ್‌ನಲ್ಲಿ ಉಳಿದ ಹಣವನ್ನು ಇಲ್ಲಿಗೆ ತಂದರೆ 8 ಜಿಬಿಯ ಆರ್‌ಎಕ್ಸ್ 6600 ಕೈಗೆಟುಕುವ ಸಾಧ್ಯತೆ ಹೆಚ್ಚು. 2021ರ ಅಕ್ಟೋಬರ್‌ನ ಈ ಕಾರ್ಡ್ ಎಂಟು ಲೇನ್ ಬಳಸುತ್ತದೆ, ಆದ್ದರಿಂದ ಬಿ450ರಲ್ಲಿ ಕೂರಿಸಿದರೂ ಆಗುವ ನಷ್ಟ ಅಲ್ಪ. ಎಳೆಯುವುದು 132 ವ್ಯಾಟ್ ಮಾತ್ರ. 1080ಪಿಯಲ್ಲಿ 75 ಚಿತ್ರಗಳ ಗುರಿ ಇರುವವರಿಗೆ ನಾನು ಇದನ್ನು ಕನಿಷ್ಠ ಮಟ್ಟವೆಂದು ಹೇಳುತ್ತೇನೆ. ಇನ್ನೂ ಸ್ವಲ್ಪ ಹಣ ಕೂಡಿಸಲು ಸಾಧ್ಯವಾದರೆ 12 ಜಿಬಿಯ ಆರ್‌ಟಿಎಕ್ಸ್ 3060, 8 ಜಿಬಿಯ ಆರ್‌ಟಿಎಕ್ಸ್ 4060, 2024ರ ಡಿಸೆಂಬರ್‌ನಲ್ಲಿ ಬಂದ 12 ಜಿಬಿಯ ಇಂಟೆಲ್ ಆರ್ಕ್ ಬಿ580 ಇವುಗಳ ಬೆಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಬಿ580 ಕೊಟ್ಟ ಹಣಕ್ಕೆ ಉದಾರವಾದ ಕಾರ್ಡ್ ಹೌದು, ಆದರೆ ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ತಂತ್ರಾಂಶದಲ್ಲಿ) ರೀಸೈಜಬಲ್ ಬಾರ್, ಅಂದರೆ ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಟ್ಟಿಗೆ ಮುಟ್ಟಬಲ್ಲ ಸೌಲಭ್ಯ ಇರಲೇಬೇಕು. ಪ್ರೊಸೆಸರ್ ಹಳೆಯದಾದಷ್ಟೂ ಈ ಕಾರ್ಡಿನ ಡ್ರೈವರ್ ತಂತ್ರಾಂಶದ ಹೊರೆ ಹೆಚ್ಚಿ ಕಾರ್ಡಿನ ಪೂರ್ಣ ಶಕ್ತಿ ಹೊರಬರುವುದಿಲ್ಲ. ಆದ್ದರಿಂದ ನಿಮ್ಮ ಜೋಡಣೆಗೆ ನನ್ನ ಮೊದಲ ಆಯ್ಕೆ ಅದಲ್ಲ.

ಹೆಸರುಗಳ ವಿಷಯದಲ್ಲಿ ಎಚ್ಚರವಿರಲಿ. ಒಂದೇ ಹೆಸರಿನಡಿ ಎರಡು ಬೇರೆ ಕಾರ್ಡ್‌ಗಳು ಮಾರಾಟವಾಗುವುದು ಈ ವ್ಯಾಪಾರದ ಹಳೆಯ ಚಾಳಿ. ಆರ್‌ಟಿಎಕ್ಸ್ 3050 ಎಂದರೆ 8 ಜಿಬಿಯದೂ ಇದೆ, 2024ರಲ್ಲಿ ಬಂದ 6 ಜಿಬಿಯದೂ ಇದೆ. ಎರಡನೆಯದರಲ್ಲಿ ಮೆಮೊರಿಯಷ್ಟೇ ಅಲ್ಲ, ಕೋರ್‌ಗಳ ಸಂಖ್ಯೆಯೂ ಕಡಿಮೆ. ಆರ್‌ಟಿಎಕ್ಸ್ 3060ಕ್ಕೂ 8 ಜಿಬಿಯ ಒಬ್ಬ ಬಡ ತಮ್ಮನಿದ್ದಾನೆ. ಆರ್‌ಎಕ್ಸ್ 580 ಎಂದು ಮಾರುವ ಹಳೆಯ ಕಾರ್ಡ್‌ಗಳಲ್ಲಿ ‘2048ಎಸ್‌ಪಿ’ ಎಂದು ಸಣ್ಣದಾಗಿ ಬರೆದಿದ್ದರೆ ಅದು ನಿಜದಲ್ಲಿ ಆರ್‌ಎಕ್ಸ್ 570ರಷ್ಟೇ ಕೋರ್‌ಗಳಿರುವ ಕಾರ್ಡ್. ಬಿಲ್ಲಿನಲ್ಲಿ ಮಾದರಿಯ ಪೂರ್ಣ ಹೆಸರನ್ನೂ ಮೆಮೊರಿಯ ಪ್ರಮಾಣವನ್ನೂ ಬರೆಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವುದನ್ನು ನಾನು ವಿರೋಧಿಸುವುದಿಲ್ಲ. ಬಿಗಿ ಬಜೆಟ್ಟಿನಲ್ಲಿ ಅತಿ ದೊಡ್ಡ ಉಳಿತಾಯ ಸಿಗುವುದು ಅಲ್ಲಿಯೇ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಕ್ರಿಪ್ಟೊ ಹಣ ತನ್ನ ವ್ಯವಸ್ಥೆ ಬದಲಿಸಿದ ಮೇಲೆ ಮೈನಿಂಗ್‌ಗೆ (ಆ ಹಣ ಗಳಿಸುವ ಲೆಕ್ಕಾಚಾರಕ್ಕೆ) ಬಳಸಿದ್ದ ಕಾರ್ಡ್‌ಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದವು. ಮೈನಿಂಗ್ ಮಾಡಿದ ಕಾರ್ಡೆಲ್ಲ ಕೆಟ್ಟದ್ದೆಂದೇನಿಲ್ಲ. ಸವೆಯುವುದು ಮುಖ್ಯವಾಗಿ ಫ್ಯಾನ್ ಮತ್ತು ಒಣಗಿದ ಥರ್ಮಲ್ ಪೇಸ್ಟ್, ಎರಡನ್ನೂ ಬದಲಿಸಬಹುದು. ಮೆಮೊರಿ ಚಿಪ್ ಕೆಟ್ಟಿದ್ದರೆ ಮಾತ್ರ ಬೇಡ. ಮಾರುವವರ ಎದುರಿಗೇ ಭಾರೀ ಆಟವೊಂದನ್ನು ಇಪ್ಪತ್ತು ನಿಮಿಷ ಓಡಿಸಿ. ಪರದೆಯಲ್ಲಿ ಬಣ್ಣದ ಚುಕ್ಕಿಗಳೋ ಚೌಕಗಳೋ ಮಿನುಗಿದರೆ, ಬೆಲೆ ಎಷ್ಟೇ ಇಳಿಸಿದರೂ ಬಿಟ್ಟು ಬನ್ನಿ. ಜಿಟಿಎಕ್ಸ್ 16 ಸರಣಿ, ಆರ್‌ಎಕ್ಸ್ 500 ಮತ್ತು 5000 ಸರಣಿಗಳಲ್ಲಿ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕಹಾಕಿ ಚಿತ್ರ ಬಿಡಿಸುವ ವಿಧಾನ) ಯಂತ್ರಾಂಶವಿಲ್ಲ. 2024ರಿಂದೀಚೆಗೆ ಕೆಲವು ಆಟಗಳು ಅದಿಲ್ಲದೆ ಆರಂಭವೇ ಆಗುವುದಿಲ್ಲವೆಂಬುದನ್ನು ಬೆಲೆ ಚೌಕಾಸಿಯ ಹೊತ್ತಿನಲ್ಲಿ ನೆನಪಿಡಿ.

ಮದರ್‌ಬೋರ್ಡ್ ಮೊದಲ ದಿನವೇ ಸರಿಯಾಗಿರಬೇಕಾದ ಭಾಗ, ಏಕೆಂದರೆ ಅದನ್ನು ಬದಲಿಸುವುದೆಂದರೆ ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸುವುದು. ಬಿ450ಕ್ಕೆ ಬದಲು ಬಿ550 ತೆಗೆದುಕೊಳ್ಳಿ, ಪಿಸಿಐಇ 4.0 ಸಿಗುತ್ತದೆ, ಮುಂದೆ ಯಾವ ಕಾರ್ಡ್ ಹಾಕಿದರೂ ಮೇಲೆ ಹೇಳಿದ ತೊಡಕು ಬರುವುದಿಲ್ಲ. ಬಿ450ನ್ನೇ ಕೊಳ್ಳಬೇಕಾಗಿ ಬಂದರೆ, ರೈಜನ್ 5000 ಸರಣಿಯನ್ನು ಗುರುತಿಸುವ ಹೊಸ ಬಯಾಸ್ ಅದರಲ್ಲಿದೆಯೇ ಎಂದು ಕೊಳ್ಳುವ ಮುನ್ನವೇ ಕೇಳಿ. ಇನ್ನೊಂದು ಪ್ರಶ್ನೆ, ಪ್ರೊಸೆಸರ್ ಕೂರುವ ಜಾಗ ನಿಮ್ಮ ಪಟ್ಟಿಯಲ್ಲಿರುವಂತೆ ಎಎಂ4 ಸಾಕೆಟ್ಟೇ ಅಥವಾ ಎಎಂ5 ಸಾಕೆಟ್ಟೇ ಎಂಬುದು. ಎಎಂ5 ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಡಿಡಿಆರ್5 ರ‍್ಯಾಮ್ ಮಾತ್ರ ಹೊಂದುತ್ತದೆ, ಮತ್ತು 2027ರವರೆಗಾದರೂ ಅದೇ ಸಾಕೆಟ್ ಮುಂದುವರಿಯುವುದೆಂದು ಎಎಂಡಿ ಹೇಳಿದೆ. ಮೂರು ವರ್ಷಗಳ ನಂತರ ಪ್ರೊಸೆಸರ್ ಮಾತ್ರ ಬದಲಿಸುವ ಯೋಚನೆಯಿದ್ದರೆ ಎಎಂ5 ಸರಿಯಾದ ಬುನಾದಿ. ಆದರೆ ಅದಕ್ಕಾಗಿ ಗ್ರಾಫಿಕ್ಸ್ ಕಾರ್ಡನ್ನು ಒಂದು ಮೆಟ್ಟಿಲು ಇಳಿಸಬೇಕಾಗಿ ಬಂದರೆ ಬೇಡ. ಎಎಂ4ನಲ್ಲೂ ಮೇಲೇರುವ ದಾರಿ ಪೂರ್ತಿ ಮುಚ್ಚಿಲ್ಲ: 96 ಎಂಬಿ ಎಲ್3 ಕ್ಯಾಶ್ ಇರುವ 5700ಎಕ್ಸ್3ಡಿ, 5800ಎಕ್ಸ್3ಡಿ ಪ್ರೊಸೆಸರ್‌ಗಳು ಅದೇ ಸಾಕೆಟ್ಟಿನಲ್ಲಿ ಕೂರುತ್ತವೆ.

ಒಂದೇ 16 ಜಿಬಿ ರ‍್ಯಾಮ್ ಎಂಬುದನ್ನು ಎರಡು 8 ಜಿಬಿಯಾಗಿ ಬದಲಿಸಿ. ಡಿಡಿಆರ್4 3200ರ ಒಂದು ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು. ಎರಡಿದ್ದರೆ ಎರಡು ಚಾನೆಲ್‌ಗಳಲ್ಲಿ 51.2. ಈ ವ್ಯತ್ಯಾಸ ಸರಾಸರಿಗಿಂತ ಹೆಚ್ಚಾಗಿ ಆಟದ ಕೆಟ್ಟ ಕ್ಷಣಗಳಲ್ಲಿ, ಅಂದರೆ ಚಿತ್ರಗಳ ವೇಗ ಹಠಾತ್ತನೆ ಕುಸಿಯುವಲ್ಲಿ ಕಾಣುತ್ತದೆ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಮುಂದೆ ಇನ್ನೊಂದು ಜೋಡಿ ಸೇರಿಸಲು ಜಾಗವಿರುತ್ತದೆ. ಎರಡೇ ಸ್ಲಾಟ್ ಇದ್ದು, ಕೆಲವೇ ತಿಂಗಳಲ್ಲಿ 32 ಜಿಬಿಗೆ ಹೋಗುವುದು ಖಚಿತವಾಗಿದ್ದರೆ ಮಾತ್ರ ನಿಮ್ಮ ಒಂದೇ ಸ್ಟಿಕ್ಕಿನ ಲೆಕ್ಕ ಒಪ್ಪುವಂಥದ್ದು. 2025ರ ಕೊನೆಯ ಭಾಗದಿಂದ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಏರಿರುವುದರಿಂದ, ನಿಮ್ಮಲ್ಲೋ ಗೆಳೆಯರಲ್ಲೋ ಹಳೆಯ ಡಿಡಿಆರ್4 ಸ್ಟಿಕ್‌ಗಳಿದ್ದರೆ ಅವು ಎಎಂ4 ಕಡೆಗೆ ವಾಲಲು ಇನ್ನೊಂದು ಕಾರಣ. ನಾಲ್ಕು ಸ್ಲಾಟ್‌ಗಳ ಬೋರ್ಡಿನಲ್ಲಿ ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಿಗೆ ಹಾಕುವುದು ಸಾಮಾನ್ಯ ಕ್ರಮ. ಅಕ್ಕಪಕ್ಕದ ಎರಡಕ್ಕೆ ಹಾಕಿ, ತಿಂಗಳುಗಟ್ಟಲೆ ಒಂದೇ ಚಾನೆಲ್ಲಿನಲ್ಲಿ ಆಟವಾಡಿದವರಲ್ಲಿ ಈ ಉತ್ತರ ಬರೆಯುತ್ತಿರುವವನೂ ಒಬ್ಬ.

ಎಸ್‌ಎಂಪಿಎಸ್ ಬಗ್ಗೆ ಕಟುವಾಗಿ ಹೇಳಿದರೆ ಬೇಸರಿಸಬೇಡಿ: ಕ್ಯಾಬಿನೆಟ್ಟಿನೊಂದಿಗೆ ಸುಮ್ಮನೆ ಬರುವ ಎಸ್‌ಎಂಪಿಎಸ್ಸನ್ನು ಗ್ರಾಫಿಕ್ಸ್ ಕಾರ್ಡಿಗೆ ಜೋಡಿಸಬೇಡಿ. ಅಂಥದ್ದೊಂದು ಹಿಂದೆ ನನ್ನ ಮೇಜಿನ ಮೇಲೇ ಸುಟ್ಟುಹೋಯಿತು. ಹೋಗುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದೊಯ್ದಿತು. ಅದರ ಪಕ್ಕದ ಚೀಟಿಯನ್ನು ನಾನು ಓದಿದ್ದು ಸುಟ್ಟ ಮೇಲೆ. ದಪ್ಪ ಅಕ್ಷರದಲ್ಲಿ 500 ವ್ಯಾಟ್ ಎಂದಿತ್ತು. ಕೆಳಗಿನ ಪಟ್ಟಿಯಲ್ಲಿ 12 ವೋಲ್ಟ್ ಎಂಬಲ್ಲಿ ಇದ್ದದ್ದು 25 ಆಂಪ್ಸ್. ಹನ್ನೆರಡನ್ನು ಇಪ್ಪತ್ತೈದರಿಂದ ಗುಣಿಸಿದರೆ 300 ವ್ಯಾಟ್; ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಈ 12 ವೋಲ್ಟ್‌ನಿಂದಲೇ. ಉಳಿದ 200 ವ್ಯಾಟ್ 3.3 ಮತ್ತು 5 ವೋಲ್ಟ್‌ಗಳ ಲೆಕ್ಕಕ್ಕೆ ಸೇರಿತ್ತು, ಇಂದಿನ ಕಂಪ್ಯೂಟರಿಗೆ ಅಷ್ಟು ಬೇಕೇ ಆಗುವುದಿಲ್ಲ. ಅದಕ್ಕೇ ಅಂಗಡಿಯಲ್ಲಿ ಪೆಟ್ಟಿಗೆಯ ಮುಂಬದಿ ನೋಡುವುದನ್ನು ಬಿಟ್ಟು ಈ ಚೀಟಿಯನ್ನು ಓದಿ. 12 ವೋಲ್ಟ್‌ನಲ್ಲಿ 40 ಆಂಪ್ಸ್‌ಗಿಂತ ಹೆಚ್ಚಿದ್ದರೆ ಅದು ನಿಜವಾಗಿ 500 ವ್ಯಾಟ್ ದರ್ಜೆಯದು. 12ವಿ1, 12ವಿ2 ಎಂದು ಎರಡು ಸಾಲಿದ್ದರೆ ಅವನ್ನು ನೇರವಾಗಿ ಕೂಡಬಾರದು. ಎರಡಕ್ಕೂ ಸೇರಿದ ಗರಿಷ್ಠ ಮಿತಿಯನ್ನು ಬೇರೆಯಾಗಿ ಮುದ್ರಿಸಿರುತ್ತಾರೆ, ಲೆಕ್ಕಕ್ಕೆ ಬರುವುದು ಅದು.

5600 ಪ್ರೊಸೆಸರ್ ಸುಮಾರು 80, ಆರ್‌ಎಕ್ಸ್ 6600 132, ಉಳಿದೆಲ್ಲ ಸೇರಿ 50 ಎಂದರೂ ನಿಮ್ಮ ಯಂತ್ರ 270 ವ್ಯಾಟ್ ಮೀರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್‌ಗಳು ಕ್ಷಣಮಾತ್ರ ಇದಕ್ಕಿಂತ ಬಹಳ ಹೆಚ್ಚು ಎಳೆಯುವುದುಂಟು, ಮುಂದೆ ದೊಡ್ಡ ಕಾರ್ಡ್ ಬರಲೂಬಹುದು. ಆದ್ದರಿಂದ 550 ವ್ಯಾಟ್‌ನ ಒಳ್ಳೆಯದೊಂದು ಸಾಕು. 750 ವ್ಯಾಟ್‌ನ ಕಳಪೆಗಿಂತ ಅದು ಎಷ್ಟೋ ಮೇಲು. 80 ಪ್ಲಸ್ ಬ್ರಾಂಜ್ ಎಂಬ ಮುದ್ರೆ ಅರ್ಧ ಹೊರೆಯಲ್ಲಿ ಶೇ 85ರ ದಕ್ಷತೆಯನ್ನು ಹೇಳುತ್ತದೆ. ಒಳಗಿನ ರಕ್ಷಣಾ ಸರ್ಕಿಟ್‌ಗಳ ಗುಣಮಟ್ಟವನ್ನು ಹೇಳುವುದಿಲ್ಲ. ನಾನು ನೋಡುವುದು ವಾರಂಟಿಯ ಅವಧಿಯನ್ನು: ಐದು ವರ್ಷ ಕೊಡುವ ತಯಾರಕರು ಸಾಮಾನ್ಯವಾಗಿ ತಮ್ಮ ಮಾಲಿನ ಮೇಲೆ ನಂಬಿಕೆ ಇಟ್ಟಿರುತ್ತಾರೆ. ಎಂಟು ಪಿನ್‌ನ ಕನೆಕ್ಟರ್ ಕಾರ್ಡಿಗೆ 150 ವ್ಯಾಟ್‌ವರೆಗೆ ಕೊಡಬೇಕು. ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ಕನೆಕ್ಟರ್ 12 ವೋಲ್ಟ್‌ನಲ್ಲಿ ತಾಳಬಲ್ಲದ್ದು 54 ವ್ಯಾಟ್ ಮಾತ್ರ. ಸಾಟಾದಿಂದ ಎಂಟು ಪಿನ್‌ಗೆ ಬದಲಿಸುವ ಅಡಾಪ್ಟರನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡವೆನ್ನಿ, ಪ್ಲಾಸ್ಟಿಕ್ ಕರಗುತ್ತದೆ.

ಸ್ಟೋರೇಜ್ ವಿಷಯ ಚಿಕ್ಕದು. 256 ಜಿಬಿಯಲ್ಲಿ ವಿಂಡೋಸ್ ಹಾಕಿದ ಮೇಲೆ ಒಂದೆರಡು ದೊಡ್ಡ ಆಟಗಳಿಗಷ್ಟೇ ಜಾಗ, ಹಾರ್ಡ್ ಡಿಸ್ಕಿನಿಂದ ಹೊಸ ಆಟಗಳನ್ನು ಓಡಿಸುವುದು ಕಾಯುವ ಶಿಕ್ಷೆ. ಎರಡನ್ನೂ ಬಿಟ್ಟು ಒಂದೇ 1 ಟಿಬಿಯ ಎನ್‌ವಿಎಂಇ (ಪಿಸಿಐಇ ಮೂಲಕ ಸಂಪರ್ಕಿಸುವ ವೇಗದ ಬಗೆಯ) ಎಸ್‌ಎಸ್‌ಡಿ ಕೊಳ್ಳಿ. ಆಗದಿದ್ದರೆ 500 ಜಿಬಿ ಸಾಕು, ಎರಡನೆಯದನ್ನು ಆಮೇಲೆ ಸೇರಿಸಬಹುದು. ಪಿಸಿಐಇ 3.0 ವೇಗದ್ದಾದರೂ ಆಟದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಕ್ಯಾಬಿನೆಟ್ಟಿನಲ್ಲಿ ನೋಡಬೇಕಾದ್ದು ಒಂದೇ: ಮುಂಭಾಗ ಗಾಜಿನಿಂದ ಮುಚ್ಚಿರಬಾರದು, ಗಾಳಿಯಾಡುವ ಜಾಲರಿ ಇರಬೇಕು.

ಕಚೇರಿಯ ಹಳೆಯ ಕಂಪ್ಯೂಟರಿನ ಯೋಚನೆ ಹಗುರವಾಗಿ ತಳ್ಳಿಹಾಕುವಂಥದ್ದಲ್ಲ, ಆದರೆ ಅದರ ಮಿತಿಗಳನ್ನು ತಿಳಿದು ಕೊಳ್ಳಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ಪೀಳಿಗೆಯಿಂದೀಚಿನ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಕೆಲವು ಆನ್‌ಲೈನ್ ಆಟಗಳ ಆಂಟಿ ಚೀಟ್ (ಮೋಸ ತಡೆಯುವ) ತಂತ್ರಾಂಶ ಸೆಕ್ಯೂರ್ ಬೂಟ್ ಎಂಬ ಸುರಕ್ಷಿತ ಆರಂಭದ ಸೌಲಭ್ಯವನ್ನೂ ಕೇಳುತ್ತದೆ. ಹಾಗಾಗಿ ಅದಕ್ಕಿಂತ ಹಳೆಯದು ಬೇಡ. ಇಂಥ ಯಂತ್ರಗಳ ಎಸ್‌ಎಂಪಿಎಸ್ ಚಿಕ್ಕದು, ಎಷ್ಟೋ ಸಲ ಅದರ ಕನೆಕ್ಟರ್ ಆಯಾ ತಯಾರಕರದ್ದೇ ಆಗಿರುವುದರಿಂದ ಮಾರುಕಟ್ಟೆಯ ಬೇರೆ ಎಸ್‌ಎಂಪಿಎಸ್ ಹೊಂದುವುದಿಲ್ಲ. ಆಗ ಉಳಿಯುವುದು ಸ್ಲಾಟ್ ಕೊಡುವ 75 ವ್ಯಾಟ್‌ನಲ್ಲೇ ಬದುಕುವ ಕಾರ್ಡ್‌ಗಳು. ಮೇಲೆ ನಾನು ಹೀಗಳೆದ 6 ಜಿಬಿಯ ಆರ್‌ಟಿಎಕ್ಸ್ 3050 ಇಲ್ಲಿ ಮಾತ್ರ ಸರಿಯಾದ ಆಯ್ಕೆ. ಅದು 70 ವ್ಯಾಟ್‌ನಲ್ಲಿ ನಡೆಯುತ್ತದೆ, ಬೇರೆ ವೈರು ಬೇಡ. ತೆಳು ಕ್ಯಾಬಿನೆಟ್ ಆದರೆ ಕಾರ್ಡಿನ ಎತ್ತರವನ್ನೂ ಅಳೆದುಕೊಳ್ಳಿ. ನಿಮ್ಮ ಬಜೆಟ್ ಮೇಲಿನ ಪಟ್ಟಿಯ ಮುಕ್ಕಾಲು ಭಾಗವನ್ನೂ ಮುಟ್ಟದಿದ್ದರೆ ಈ ದಾರಿ ಹಿಡಿಯಿರಿ. ಮುಟ್ಟಿದರೆ ಹೊಸದಾಗಿ ಜೋಡಿಸಿ, ಏಕೆಂದರೆ ಆ ಹಳೆಯ ಯಂತ್ರದ ಬೋರ್ಡೂ ಎಸ್‌ಎಂಪಿಎಸ್ಸೂ ಮುಂದಿನ ಬದಲಾವಣೆಗೆ ನೆರವಾಗುವುದಿಲ್ಲ.

ಒಟ್ಟು ಹಣವನ್ನು ನೂರು ಪಾಲು ಮಾಡಿದರೆ ಗ್ರಾಫಿಕ್ಸ್ ಕಾರ್ಡಿಗೆ ಸುಮಾರು ನಲವತ್ತು, ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಸೇರಿ ಮೂವತ್ತರ ಒಳಗೆ, ಎಸ್‌ಎಂಪಿಎಸ್ಸಿಗೆ ಹತ್ತಕ್ಕೆ ಕಡಿಮೆಯಿಲ್ಲದಂತೆ, ಉಳಿದದ್ದರಲ್ಲಿ ರ‍್ಯಾಮ್, ಎಸ್‌ಎಸ್‌ಡಿ, ಕ್ಯಾಬಿನೆಟ್ ಎಂದು ನಾನು ಹಂಚುತ್ತೇನೆ. ರ‍್ಯಾಮ್ ದುಬಾರಿಯಾದ ದಿನಗಳಲ್ಲಿ ಎಸ್‌ಎಸ್‌ಡಿಯ ಪಾಲನ್ನು ಇಳಿಸಬೇಕೇ ಹೊರತು ಕಾರ್ಡಿನದ್ದನ್ನಲ್ಲ. ಭಾಗಗಳನ್ನು ತಿಂಗಳಿಗೊಂದರಂತೆ ಕೊಂಡು ಕಪಾಟಿನಲ್ಲಿ ಇಡಬೇಡಿ. ಹಾಗೆ ಮಾಡಿದರೆ ಮೊದಲು ಕೊಂಡ ಭಾಗದಲ್ಲಿ ದೋಷವಿರುವುದು ಗೊತ್ತಾಗುವ ಹೊತ್ತಿಗೆ ಬದಲಿಸಿ ಕೊಡುವ ಅವಧಿ ಮುಗಿದಿರುತ್ತದೆ. ಹಣ ಪೂರ್ತಿ ಕೂಡಿದ ಮೇಲೆ ಒಂದೇ ವಾರದಲ್ಲಿ ಎಲ್ಲವನ್ನೂ ಕೊಂಡು, ಕ್ಯಾಬಿನೆಟ್ಟಿಗೆ ಹಾಕುವ ಮುನ್ನ ಮದರ್‌ಬೋರ್ಡನ್ನು ಅದರ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು ಒಮ್ಮೆ ಆನ್ ಮಾಡಿ ನೋಡಿ. ಮಾನಿಟರಿನ ಕೇಬಲ್ ಚುಚ್ಚಬೇಕಾದ್ದು ಗ್ರಾಫಿಕ್ಸ್ ಕಾರ್ಡಿಗೆ, ಮದರ್‌ಬೋರ್ಡಿನ ಹಿಂಬದಿಗೆ ಅಲ್ಲ. ಚಿತ್ರ ಬಂದೊಡನೆ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿ. ಮಾಡದಿದ್ದರೆ 3200ಕ್ಕೆ ಹಣ ಕೊಟ್ಟ ರ‍್ಯಾಮ್ 2133ರಲ್ಲೋ 2400ರಲ್ಲೋ ಓಡುತ್ತಿರುತ್ತದೆ. ಕೊನೆಗೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ ತೆರೆದು ಮಾನಿಟರ್ 60ರಲ್ಲಿದೆಯೋ 75ರಲ್ಲಿದೆಯೋ ನೋಡಿ. ಅದು ತಾನಾಗಿಯೇ 75ಕ್ಕೆ ಏರಿರುವುದು ಅಪರೂಪ.